ಬಾವಿ ಮೇಲೆ ಕಟ್ಟಿದ ಕಟ್ಟಡ: ಪೀಣ್ಯದಲ್ಲಿ ಹತ್ತು ತಿಂಗಳ ರಿಪೇರಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನಮ್ಮದೇ. 1984ರಿಂದ 1998ರ ತನಕ ಇದೇ ಜಾಗದಲ್ಲಿ ಅಪ್ಪನ ಪ್ರೆಸ್ ಶಾಪ್ ಇತ್ತು. ಲೋಹದ ಸಾಮಾನಿನ ಎಣ್ಣೆ ಜಿಡ್ಡು ತೆಗೆಯಲು ಒಂದು ತೊಟ್ಟಿಯಲ್ಲಿ ಟ್ರೈಕ್ಲೋರೋಎಥಿಲೀನ್ ಕಾಯಿಸುತ್ತಿದ್ದರು. ಶಾಪಿನಲ್ಲಿ ಎಲ್ಲರೂ ಅದನ್ನು ಟಿಸಿಇ ಅನ್ನುತ್ತಿದ್ದರು. 87 ಡಿಗ್ರಿಗೆ ಕುದಿಯುತ್ತದೆ. ಆ ಹಬೆಯಲ್ಲಿ ಸಾಮಾನು ನೇತುಹಾಕಿದರೆ ಜಿಡ್ಡು ಕೆಳಗಿಳಿಯುತ್ತದೆ. ತೊಟ್ಟಿಯ ತಳದಲ್ಲಿ ಕಪ್ಪು ಗಸಿ ನಿಲ್ಲುತ್ತದೆ. ಆ ಗಸಿ ಎಲ್ಲಿಗೆ ಹೋಗುತ್ತಿತ್ತು ಅನ್ನುವುದೇ ಈ ಬರಹ.

2004ರಲ್ಲಿ ಶೆಡ್ ಜಾಗದಲ್ಲಿ ನೆಲಮಹಡಿ ಮತ್ತು ಮೇಲೆರಡು ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟೆವು. ಕೆಳಗೆ ಒಂದು ಕೊರಿಯರ್ ಆಫೀಸು, ಒಂದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ, ಹಿಂದೆ ಟೈಲರಿಂಗ್ ಯೂನಿಟ್, ಅದರ ಪಕ್ಕ ಸ್ಟೋರ್ ರೂಮು. ಮೇಲೆ ಕಂಪ್ಯೂಟರ್ ಕ್ಲಾಸು, ಅದರ ಮೇಲೆ ಗೋಡೌನ್. ಯಾರನ್ನೂ ಖಾಲಿ ಮಾಡಿಸದೆ ನೆಲದಡಿ ಉಳಿದ ಟಿಸಿಇ ತೆಗೆಯುವ ಕೆಲಸ ಮಾಡಬೇಕಿತ್ತು.

ಇನ್ನೊಂದು ಮಾತು. ಈ ರಿಪೇರಿಯ ಡಿಸೈನ್ ನಮ್ಮದಲ್ಲ, ಒಬ್ಬ ಕನ್ಸಲ್ಟೆಂಟ್‌ರದ್ದು. ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ತಿಳಿಸಿ ಶುರು ಮಾಡಿದ್ದು. ಕೂಲಿ, ಪೈಪು, ಅಲೆದಾಟ, ಕೆಳಗೆ ಬರುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಮಾತ್ರ ನನ್ನದು.

1. ಜನವರಿ 2025: ನೀರಿನ ರಿಪೋರ್ಟು, ಮೊದಲ ದುಡ್ಡು ದಂಡ

ಹೊಸದಾಗಿ ಬಾಡಿಗೆಗೆ ಬರಬೇಕಿದ್ದವರು ಬೋರ್‌ವೆಲ್ ನೀರಿನ ಟೆಸ್ಟ್ ಕೇಳಿದರು. ಸಾಮಾನ್ಯ ಟೆಸ್ಟ್ ಅಲ್ಲ, ಟಿಸಿಇಯಂಥ ಜಿಡ್ಡು ಕರಗಿಸುವ ಸಾಲ್ವೆಂಟ್‌ಗಳನ್ನೂ ನೋಡುವ ಟೆಸ್ಟು. ಲೀಟರಿಗೆ 340 ಮೈಕ್ರೋಗ್ರಾಂ ಟಿಸಿಇ ಬಂತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 8. ನಾವು ಆ ನೀರು ಕುಡಿಯುತ್ತಿರಲಿಲ್ಲ, ಟಾಯ್ಲೆಟ್ಟಿಗೆ ಮಾತ್ರ. ಆದರೂ ಅವತ್ತೇ ಮೋಟಾರ್ ಬಂದ್ ಮಾಡಿ ಟ್ಯಾಂಕರ್ ಹಾಕಿಸಿದೆ.

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಆರ್‌ಓ ಪ್ಲಾಂಟ್ ಹಾಕುವವರೊಬ್ಬರು ಬಂದು "ಕಾರ್ಬನ್ ವೆಸೆಲ್ ಎರಡು ಹಾಕಿ ಸರ್, ನೀರು ಎಳೆದು ಎಳೆದು ಕ್ಲೀನ್ ಮಾಡೋಣ" ಅಂದರು. 85,000 ರೂಪಾಯಿ. ಇದ್ದಿಲು ತುಂಬಿದ ಆ ವೆಸೆಲ್ಲಿಂದ ಬರುವ ನೀರು ಕ್ಲೀನಾಗಿಯೇ ಇತ್ತು. ಆದರೆ ಬೋರ್‌ವೆಲ್ 480 ಅಡಿ, ಬೋರ್ ಗೋಡೆಗೆ ಹಾಕುವ ಕೇಸಿಂಗ್ ಪೈಪು 60 ಅಡಿ ಮಾತ್ರ. ಟಿಸಿಇ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಸಂದು ಸಿಕ್ಕರೆ ತಾನಾಗಿಯೇ ಕೆಳಗಿಳಿಯುತ್ತದೆ. ನಾವು ಆಳದಿಂದ ಎಳೆಯುತ್ತಾ ಇದ್ದರೆ ಮೇಲಿನ ಕೊಳೆಯನ್ನು ಬಂಡೆಯ ಬಿರುಕುಗಳಿಗೆ ನಾವೇ ಕರೆದುಕೊಂಡು ಹೋದ ಹಾಗೆ. ಆರು ವಾರ ಓಡಿಸಿದ ಮೇಲೆ ವೆಸೆಲ್‌ಗೆ ಬರುವ ಹಸಿ ನೀರನ್ನು ಪುನಃ ಟೆಸ್ಟ್ ಮಾಡಿಸಿದರೆ 340 ಇದ್ದದ್ದು 510. ಕನ್ಸಲ್ಟೆಂಟ್ ನೋಡಿದ ಕೂಡಲೇ ಹೇಳಿದ್ದು ಒಂದೇ ಮಾತು: "ಮೊದಲು ಇದನ್ನ ನಿಲ್ಸಿ."

2. ಮಾರ್ಚ್: ನೀರು ಬಿಟ್ಟು ಗಾಳಿ ಕಡೆ

ನನಗೆ ಹೊಳೆಯದೇ ಇದ್ದದ್ದು ಇದು. ನೆಲದಡಿಯ ಟಿಸಿಇ ಆವಿಯಾಗಿ ಮಣ್ಣಿನೊಳಗಿಂದ ಮೇಲೆ ಬಂದು ನೆಲದ ಬಿರುಕಲ್ಲಿ ಒಳಗೆ ನುಗ್ಗುತ್ತದೆ. ನೀರನ್ನು ಯಾರೂ ಕುಡಿಯುತ್ತಿಲ್ಲ, ಆದರೆ ಗಾಳಿಯನ್ನು ದಿನಕ್ಕೆ ಒಂಬತ್ತು ಗಂಟೆ ಎಲ್ಲರೂ ಕುಡಿಯುತ್ತಿದ್ದಾರೆ.

ಗಾಳಿಯಲ್ಲಿರುವ ಸಾಲ್ವೆಂಟ್ ಆವಿ ಅಳೆಯುವ ಪಿಐಡಿ ಅನ್ನುವ ಕೈಮೀಟರನ್ನು ದಿನಕ್ಕೆ 3,000 ರೂಪಾಯಿ ಬಾಡಿಗೆಗೆ ತಂದೆವು. ಹ್ಯಾಮರ್ ಡ್ರಿಲ್‌ನಿಂದ ನೆಲದಲ್ಲಿ 16 ಮಿಲಿಮೀಟರಿನ 14 ತೂತು. ಪ್ರತಿ ತೂತಿಗೂ ಸಣ್ಣ ಪೈಪು ಇಳಿಸಿ, ಸುತ್ತ ಪುಟ್ಟಿ ಮೆತ್ತಿ ನೋಡಿದೆವು. ಮುಂದೆ ಕೊರಿಯರ್ ಆಫೀಸಿನಡಿ 0.4 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ). ಹಿಂದೆ ಸ್ಟೋರ್ ರೂಮಿನಡಿ 46.

ರೂಮಿನ ಗಾಳಿಗೆ ಹಿಡಿದರೆ 0.0. ನಾನು ಖುಷಿಯಾದೆ. ಆ ಖುಷಿ ದಡ್ಡತನ. ಆ ಮೀಟರಿನಲ್ಲಿ ಕಾಣುವ ಅತಿ ಸಣ್ಣ ಅಂಕಿ 0.1 ಪಿಪಿಎಂ. ಟಿಸಿಇ ಲೆಕ್ಕದಲ್ಲಿ ಅದೇ ಘನ ಮೀಟರಿಗೆ ಸುಮಾರು 540 ಮೈಕ್ರೋಗ್ರಾಂ. ಅಮೆರಿಕದಲ್ಲಿ ಆಫೀಸಿನ ಗಾಳಿಗೆ ಇಟ್ಟುಕೊಂಡಿರುವ ಎಚ್ಚರಿಕೆಯ ಮಟ್ಟ ಒಂದಂಕಿಯಲ್ಲಿದೆ. ಅಂದರೆ ಮೀಟರು ಸೊನ್ನೆ ತೋರಿಸುವಾಗಲೂ ಗಾಳಿ ಕೆಟ್ಟಿರಬಹುದು. ಮೇಲಾಗಿ ಈ ಮೀಟರು ಫ್ಲೆಕ್ಸ್ ಅಂಗಡಿಯ ಇಂಕಿಗೂ ಕೂಗುತ್ತದೆ, ಸ್ಯಾನಿಟೈಸರ್‌ಗೂ ಕೂಗುತ್ತದೆ. ಇದರಿಂದ ಮೂಲ ಹುಡುಕಬಹುದು, ಗಾಳಿ ಸರಿಯಿದೆ ಅಂತ ಸರ್ಟಿಫಿಕೇಟ್ ಕೊಡಲಾಗದು.

ಎಂಟು ಗಂಟೆ ಗಾಳಿ ಎಳೆದು ಟ್ಯೂಬಿನಲ್ಲಿ ಹಿಡಿದು ಲ್ಯಾಬಿಗೆ ಕಳಿಸಿದೆವು. ಒಂದು ಸ್ಯಾಂಪಲ್ಲಿಗೆ 6,500. ಸ್ಟೋರ್ 61 ಮೈಕ್ರೋಗ್ರಾಂ, ಟೈಲರಿಂಗ್ 38, ಕೊರಿಯರ್ 9, ಕಂಪ್ಯೂಟರ್ ಕ್ಲಾಸ್ 4.

ಟೈಲರಿಂಗ್ ಯೂನಿಟ್ಟಿನಲ್ಲಿ ಹನ್ನೆರಡು ಹೆಣ್ಣುಮಕ್ಕಳು. ಒಬ್ಬರಿಗೆ ಮೂರು ತಿಂಗಳು. ಟಿಸಿಇ ವಿಷಯದಲ್ಲಿ ಗರ್ಭದ ಮೊದಲ ತಿಂಗಳುಗಳಲ್ಲೇ ಜಾಸ್ತಿ ಆತಂಕ, ಮಗುವಿನ ಹೃದಯ ರೂಪುಗೊಳ್ಳುವ ಕಾಲ ಅದು. ಸಂಜೆಯೇ ಯೂನಿಟ್ ನಡೆಸುವ ಅಕ್ಕನ ಎದುರು ಕೂತು ರಿಪೋರ್ಟ್ ತೋರಿಸಿ ಎಲ್ಲಾ ಹೇಳಿದೆ. ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ನಿಮ್ಮಪ್ಪಂಗೆ ಗೊತ್ತಿತ್ತಾ?" ಅಂತ ಕೇಳಿದರು. ಮಾರನೇ ದಿನ ಆ ಹುಡುಗಿಯ ಮಿಷಿನ್ ಎರಡನೇ ಮಹಡಿಯ ಗೋಡೌನಿಗೆ ಹೋಯಿತು. ಮೂರು ತಿಂಗಳು ಅವರ ಬಾಡಿಗೆ ತೆಗೆದುಕೊಳ್ಳಲಿಲ್ಲ.

ಅವತ್ತೇ ಒಂದು ಹೆಚ್ಚುಕಮ್ಮಿ ಪುಕ್ಕಟೆ ರಿಪೇರಿಯೂ ಆಯಿತು. ಟೈಲರಿಂಗ್ ಹಾಲ್‌ನಲ್ಲಿ ಎರಡು ದೊಡ್ಡ ಎಕ್ಸಾಸ್ಟ್ ಫ್ಯಾನು. ಅವು ಹಾಲಿನ ಗಾಳಿ ಹೊರಗೆ ತಳ್ಳುತ್ತಿದ್ದವು. ಆ ಖಾಲಿ ತುಂಬಲು ನೆಲದಡಿಯಿಂದ ಗಾಳಿ ಮೇಲೆ ಬರುತ್ತಿತ್ತು. ಫ್ಯಾನು ಬಿಚ್ಚಿ ತಿರುಗಿಸಿ ಹಾಕಿದೆವು, ಹೊರಗಿನ ಗಾಳಿ ಒಳಗೆ ಬರುವ ಹಾಗೆ. ಎಲೆಕ್ಟ್ರಿಷಿಯನ್‌ಗೆ 400 ರೂಪಾಯಿ. ಬಟ್ಟೆ ಮೇಲೆ ಧೂಳು ಕೂರುತ್ತೆ ಅಂತ ಅಕ್ಕ ಬೈದರು, ಸೊಳ್ಳೆಪರದೆ ಬಟ್ಟೆ ಕಟ್ಟಿದೆವು. ಹತ್ತು ದಿನದ ಮೇಲೆ 38 ಇದ್ದದ್ದು 14. ಜನವರಿಯಲ್ಲೇ ಮಾಡಬಹುದಾಗಿದ್ದ ಕೆಲಸ.

3. ಏಪ್ರಿಲ್‌–ಮೇ: ನೆಲದಡಿಯಿಂದ ಗಾಳಿ ಎಳೆಯುವುದು, ಮೂರು ಸಲ

ಉಪಾಯ ಸರಳ. ನೆಲ ಕೊರೆದು ಪೈಪು ಇಳಿಸಿ ಫ್ಯಾನಿನಿಂದ ಎಳೆದರೆ, ನೆಲದಡಿ ಒತ್ತಡ ರೂಮಿಗಿಂತ ಕಮ್ಮಿ ಆಗುತ್ತದೆ. ಆಗ ಗಾಳಿ ರೂಮಿನಿಂದ ಕೆಳಗೆ ಹೋಗುತ್ತದೆ, ಕೆಳಗಿಂದ ಮೇಲೆ ಬರುವುದಿಲ್ಲ. ದೂರದ ಮೂಲೆಯಲ್ಲೂ 4 ಪಾಸ್ಕಲ್ ವ್ಯತ್ಯಾಸ ಕಾಣಬೇಕು ಅಂತ ಕನ್ಸಲ್ಟೆಂಟ್ ಗುರಿ ಕೊಟ್ಟರು.

4 ಪಾಸ್ಕಲ್ ಅಂದರೆ ನೀರಿನ ಅರ್ಧ ಮಿಲಿಮೀಟರಿಗಿಂತ ಕಮ್ಮಿ. ನೆಟ್ಟಗೆ ನಿಲ್ಲಿಸಿದ ಲೆವೆಲ್ ಟ್ಯೂಬಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಒಂದು ಪ್ಲೈವುಡ್ ಹಲಗೆ ಮೇಲೆ ಟ್ಯೂಬನ್ನು ಹತ್ತಕ್ಕೆ ಒಂದರ ಓರೆಯಲ್ಲಿ ಕಟ್ಟಿದೆ. ಒಂದು ತುದಿಗೆ ಅಗಲ ಬಾಟಲಿ, ನೀರಿಗೆ ನೀಲಿ ಇಂಕು, ನೀರು ಟ್ಯೂಬಿಗೆ ಅಂಟದಿರಲು ಒಂದು ತೊಟ್ಟು ಸೋಪು. ಈಗ 4 ಪಾಸ್ಕಲ್ಲಿಗೆ ಇಂಕು 4 ಮಿಲಿಮೀಟರ್ ಜರಗುತ್ತದೆ. ಖರ್ಚು 150 ರೂಪಾಯಿ. ಆಮೇಲೆ ಬಾಡಿಗೆಗೆ ತಂದ ಡಿಜಿಟಲ್ ಮೀಟರಿನ ಪಕ್ಕ ಇಟ್ಟು ನೋಡಿದೆವು, ಲೆಕ್ಕ ಸರಿಯಾಗಿಯೇ ಇತ್ತು.

ಮೊದಲ ಸಲ: ಸ್ಟೋರ್ ರೂಮಿನಲ್ಲಿ ಒಂದು ತೂತು, 1,900 ರೂಪಾಯಿಯ ಮಾಮೂಲಿ 6 ಇಂಚಿನ ಎಕ್ಸಾಸ್ಟ್ ಫ್ಯಾನು. ಪೈಪಿನ ಬಾಯಲ್ಲಿ ಗಾಳಿ ಬರುತ್ತಿತ್ತು. ಹತ್ತು ಅಡಿ ಆಚೆ ಇಂಕು ಕದಲಲಿಲ್ಲ. ರೆಕ್ಕೆ ಫ್ಯಾನಿಗೆ ಗಾಳಿ ತಳ್ಳುವುದು ಗೊತ್ತು, ಹೀರುವ ತಾಕತ್ತು ಇಲ್ಲ.

ಎರಡನೇ ಸಲ: 1 ಎಚ್‌ಪಿ ರಿಂಗ್ ಬ್ಲೋವರ್, 31,000. ಸ್ಟೋರ್ ರೂಮಿನಲ್ಲಿ ಗೇಜಿನ ಇಂಕು ಟ್ಯೂಬಿನಿಂದಲೇ ಹೊರಗೆ ಹಾರಿತು. ಪಕ್ಕದ ಟೈಲರಿಂಗ್ ಹಾಲಿನಲ್ಲಿ ಸೊನ್ನೆ. ಇನ್ನೂ ದೊಡ್ಡ ಬ್ಲೋವರ್ ತರೋಣ ಅಂತ ನಾನು. ಮೇಸ್ತ್ರಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯತೊಡಗಿದರು. ಕಂಬದಿಂದ ಕಂಬಕ್ಕೆ, ಚೌಕ ಚೌಕ. "ಸಾರ್, ಅಡಿಯಲ್ಲಿ ಪ್ಲಿಂತ್ ಬೀಮ್ ಐತಲ್ವಾ? ಒಂದೊಂದು ಚೌಕವೂ ಒಂದೊಂದು ಡಬ್ಬ. ಈ ಡಬ್ಬದಾಗೆ ಎಳುದ್ರೆ ಆ ಡಬ್ಬದ ಗಾಳಿ ಹೆಂಗೆ ಬತ್ತದೆ?"

ಎರಡು ವಾರದಿಂದ ಕಂಪ್ಯೂಟರಿನಲ್ಲಿ ನೋಡುತ್ತಿದ್ದ ಡ್ರಾಯಿಂಗಿನಲ್ಲಿ ಆ ಬೀಮುಗಳು ಇದ್ದವು. ನಾನೂ ನೋಡಿದ್ದೆ, ಕನ್ಸಲ್ಟೆಂಟೂ ನೋಡಿದ್ದರು. ನಮ್ಮ ತಲೆಗೆ ಹೋಗಿರಲಿಲ್ಲ. ಹೊರದೇಶದ ಉದಾಹರಣೆಗಳಲ್ಲಿ ನೆಲದಡಿ ಒಂದೇ ಸಮ ಜಲ್ಲಿ ಹಾಸಿರುತ್ತಾರೆ, ಒಂದು ತೂತು ಇಡೀ ಮನೆಗೆ ಸಾಕಾಗುತ್ತದೆ. ನಮ್ಮಲ್ಲಿ ಬೀಮು ಕಟ್ಟಿ, ಮಧ್ಯೆ ಸಿಕ್ಕಿದ ಮಣ್ಣು ತುಂಬಿ, ಮೇಲೆ ಕಾಂಕ್ರೀಟು.

ಮೂರನೇ ಸಲ: ಕೆಟ್ಟ ಆರು ಚೌಕಕ್ಕೂ ಒಂದೊಂದು ಗುಂಡಿ. 6 ಇಂಚು ಕೋರ್ ಕಟಿಂಗ್, ಒಳಗಿನಿಂದ ಕೈಯಲ್ಲೇ ಒಂದು ಬಕೆಟ್ ಮಣ್ಣು ತೆಗೆದು 20 ಎಂಎಂ ಜಲ್ಲಿ ತುಂಬಿ, 3 ಇಂಚು ಪಿವಿಸಿ ಪೈಪು, ಎಲ್ಲಾ ಸೇರಿ ಒಂದು 4 ಇಂಚಿನ ಪೈಪಿಗೆ, ಅದು ಪ್ಯಾರಾಪೆಟ್ಟಿಗಿಂತ 8 ಅಡಿ ಮೇಲಕ್ಕೆ. ಭಾನುವಾರಗಳಲ್ಲಿ ಮಾತ್ರ ಕೊರೆದದ್ದು, ನಾಲ್ಕು ಭಾನುವಾರ ಹಿಡಿಯಿತು. ಕೊರೆದಾಗ ಗೊತ್ತಾಯಿತು, ಇಪ್ಪತ್ತು ವರ್ಷದಲ್ಲಿ ತುಂಬಿದ ಮಣ್ಣು ಕುಸಿದು ನೆಲದಡಿ ಒಂದೂವರೆ ಇಂಚು ಟೊಳ್ಳಾಗಿದೆ. ಮೇಸ್ತ್ರಿ ತೂತಿನೊಳಗೆ ಕೈ ಹಾಕಿ ಅತ್ತಿತ್ತ ಆಡಿಸಿ ತೋರಿಸಿದರು. ಕಟ್ಟಡಕ್ಕೆ ಅದು ಒಳ್ಳೇ ಸುದ್ದಿಯಲ್ಲ, ನಮಗೆ ಮಾತ್ರ ಅನುಕೂಲ. ಟೊಳ್ಳು ಇರುವುದರಿಂದ ಚೌಕದೊಳಗೆ ಗಾಳಿ ಸಲೀಸಾಗಿ ಓಡುತ್ತದೆ. 150 ವ್ಯಾಟಿನ ಇನ್‌ಲೈನ್ ಸೆಂಟ್ರಿಫ್ಯೂಗಲ್ ಫ್ಯಾನೇ ಸಾಕಾಯಿತು. ಎಲ್ಲಾ ಚೌಕದಲ್ಲೂ 6ರಿಂದ 11 ಪಾಸ್ಕಲ್.

ಇದರ ಜೊತೆಗಿನ ಸಣ್ಣ ತಪ್ಪುಗಳು. ನೆಲದ ಬಿರುಕಿಗೆ ಮೊದಲು ವೈಟ್ ಸಿಮೆಂಟ್ ತುಂಬಿದೆ, ಮೂರು ವಾರಕ್ಕೆ ಪುನಃ ಬಿಟ್ಟಿತು. ಆಮೇಲೆ ರಬ್ಬರಿನಂತೆ ಬಾಗುವ ಪಿಯು (ಪಾಲಿಯುರೆಥೇನ್) ಸೀಲೆಂಟು. ಸೋರುವ ಜಾಗ ಹುಡುಕಲು ಊದಿನಕಡ್ಡಿ ಹಿಡಿದು ಹೊಗೆ ಎತ್ತ ಹೋಗುತ್ತೆ ಅಂತ ನೋಡುವುದು ಚೆನ್ನಾಗಿ ನಡೆಯಿತು. ಆದರೆ ಅದೇ ಗಳಿಗೆಯಲ್ಲಿ ಪಿಐಡಿ ಪಕ್ಕದಲ್ಲಿಟ್ಟು 12 ಪಿಪಿಎಂ ಬಂತು ಅಂತ ಗಾಬರಿಯಾಗಿ ಕನ್ಸಲ್ಟೆಂಟ್‌ಗೆ ಫೋನ್ ಮಾಡಿದೆ. ಊದಿನಕಡ್ಡಿಯ ಘಮಕ್ಕೇ ಮೀಟರು ಕೂಗಿದ್ದು. ನಿಜವಾದ ದೊಡ್ಡ ಸಂದು ಸಿಕ್ಕಿದ್ದು ಬಳಸದೇ ಬಿಟ್ಟಿದ್ದ ಟಾಯ್ಲೆಟ್ಟಿನ ನಹಾನಿ ಟ್ರ್ಯಾಪಿನಲ್ಲಿ, ಅಂದರೆ ನೆಲದ ನೀರು ಹೋಗುವ ತೂತಿನಲ್ಲಿ. ಒಳಗಿನ ನೀರು ಒಣಗಿ ಬಾಯಿ ತೆರೆದು ಕೂತಿತ್ತು. ಒಂದು ಚೊಂಬು ನೀರು, ಮೇಲೆ ಒಂದು ಚಮಚ ಅಡುಗೆ ಎಣ್ಣೆ, ಬೇಗ ಆರದಿರಲಿ ಅಂತ.

ಹೊರಬರುವ ಗಾಳಿಗೆ ಕಾರ್ಬನ್ ಡ್ರಮ್ ಎರಡು ಜೋಡಿಸಿದ ದಿನ ಎಲ್ಲಾ ಗೇಜೂ ಸೊನ್ನೆ. 90 ಕೆಜಿ ಇದ್ದಿಲಿನ ಮೂಲಕ ಗಾಳಿ ತಳ್ಳುವ ಶಕ್ತಿ ಆ ಸಣ್ಣ ಫ್ಯಾನಿಗೆ ಇಲ್ಲ. ಕೊನೆಗೆ ಸ್ಟೋರ್ ರೂಮಿನ ಎರಡು ಗುಂಡಿ ಬೇರೆ ಮಾಡಿ ರಿಂಗ್ ಬ್ಲೋವರ್‌ಗೆ ಕೊಟ್ಟು ಡ್ರಮ್ಮು ಅದಕ್ಕೆ ಹಾಕಿದೆವು. ಉಳಿದ ನಾಲ್ಕರ ಗಾಳಿ ಅಳೆದು ನೋಡಿ, ತೀರಾ ತೆಳುವಾಗಿದ್ದರಿಂದ ನೇರ ಮೇಲಕ್ಕೆ ಬಿಟ್ಟೆವು.

ಜೂನ್ ಮಳೆಯಲ್ಲಿ ಎಳೆತ ಅರ್ಧಕ್ಕೆ ಇಳಿಯಿತು. ಅಡ್ಡ ಪೈಪಿನಲ್ಲಿ ಒಂದು ಕಡೆ ಹೊಟ್ಟೆ ಬಿದ್ದು ಮೂರು ಲೀಟರ್ ನೀರು ನಿಂತಿತ್ತು. ಮಣ್ಣಿನ ತೇವ ಪೈಪಿನಲ್ಲಿ ತಣ್ಣಗಾಗಿ ನೀರಾದದ್ದು. ಕ್ಲಾಂಪ್ ಬಿಚ್ಚಿ ಗುಂಡಿ ಕಡೆಗೆ ಇಳಿಜಾರು ಕೊಟ್ಟು ಕಟ್ಟಿದ ಮೇಲೆ ಸರಿಹೋಯಿತು.

4. ಜುಲೈ: ಬಾವಿ

ಮೂಲ ತೆಗೆಯದೆ ಎಷ್ಟು ಎಳೆದರೂ ಮುಗಿಯುವುದಿಲ್ಲ. ಗಸಿ ಎಲ್ಲಿ ಚೆಲ್ಲುತ್ತಿದ್ದಿರಿ ಅಂತ ಅಪ್ಪನನ್ನು ಕೇಳಿದೆ. "ಹಿಂದಿನ ಒಣ ಬಾವಿಗೆ. ಆಗ ಎಲ್ಲರೂ ಹಾಗೇ ಮಾಡ್ತಿದ್ರು." ಬಾವಿ ಹಿಂದಿನ ಕಾಂಪೌಂಡ್ ಹತ್ತಿರ ಅಂದರು. ಅಲ್ಲಿ ಅಗೆಸಿದೆ. 18,000 ರೂಪಾಯಿ, ಎಂಟು ಅಡಿ, ಅಪ್ಪಟ ಕೆಮ್ಮಣ್ಣು. ಬಾವಿಯ ಗುರುತೇ ಇಲ್ಲ.

ಅಪ್ಪನ ಕಾಲದ ಫಿಟ್ಟರ್ ಒಬ್ಬರು ಈಗಲೂ ದಾಸರಹಳ್ಳಿಯಲ್ಲಿದ್ದಾರೆ. ಕರೆದುಕೊಂಡು ಬಂದೆ. ಅವರು ಹಳೇ ಗೇಟಿನ ಕಲ್ಲುಕಂಬಕ್ಕೆ ಬೆನ್ನು ಕೊಟ್ಟು ನಿಂತು, ಬಾಯಲ್ಲೇ ಎಣಿಸುತ್ತಾ ಹೆಜ್ಜೆ ಹಾಕಿದರು. ಇಪ್ಪತ್ತೆರಡನೇ ಹೆಜ್ಜೆಗೆ ಸ್ಟೋರ್ ರೂಮಿನ ಗೋಡೆ ಮುಟ್ಟಿತು. "ಇದರಾಚೆಗೇ ಕಣಪ್ಪಾ. ಸಂಜೆ ಡ್ರಮ್ ಹೊತ್ತು ಬರೋನು ನಾನೇ ಅಲ್ವಾ."

ಒಂದು ಎಚ್ಚರಿಕೆ. ಮೇಸ್ತ್ರಿ "ಹಗ್ಗ ಕಟ್ಟಿ ಒಬ್ಬನ್ನ ಇಳಿಸೋಣ" ಅಂದರು. ಖಂಡಿತ ಬೇಡ. ಈ ಆವಿ ಗಾಳಿಗಿಂತ ನಾಲ್ಕೂವರೆ ಪಟ್ಟು ಭಾರ, ಗುಂಡಿಯಲ್ಲಿ ನೀರಿನ ಹಾಗೆ ನಿಂತಿರುತ್ತದೆ. ಇಳಿದವನು ಹತ್ತಿ ಬರುವುದಿಲ್ಲ. ಸ್ಟ್ರಕ್ಚರಲ್ ಎಂಜಿನಿಯರೂ ಅಗೆಯಲು ಬಿಡಲಿಲ್ಲ. ಕಂಬದ ಪಾದ ನಾಲ್ಕೇ ಅಡಿ ದೂರ.

ಹಾಗಾಗಿ ಬಾವಿಯ ಮಧ್ಯಕ್ಕೆ ಒಂದು ಪೈಪು ಇಳಿಸುವುದು ಅಂತಾಯಿತು. ಸಾಯಿಲ್ ಟೆಸ್ಟ್‌ನವರ ಮುಕ್ಕಾಲಿ 16 ಅಡಿ, ರೂಮು 11 ಅಡಿ. ಮುಕ್ಕಾಲಿ ಬಿಟ್ಟು ಬೀಮಿಗೆ ಕೊಕ್ಕೆ ಹಾಕಿ ರಾಟೆ ಕಟ್ಟಿದರು. ಮೊದಲ ತೂತು 7 ಅಡಿಗೆ ಕಾಂಕ್ರೀಟ್ ಗಡ್ಡೆಗೆ ಸಿಕ್ಕಿ ನಿಂತಿತು. ಎರಡನೆಯದು 11 ಅಡಿಗೆ, ಏನೋ ಕಲ್ಲು. ಮೂರನೆಯದು ಇಳಿಯಿತು. ಐದು ದಿನ, 95,000 ರೂಪಾಯಿ. ಮೊದಲು ಹೆಂಚಿನ ಚೂರು ಬಂತು. ಆಮೇಲೆ ನಮ್ಮ ಶೆಡ್ಡಿನ ರೆಡ್ ಆಕ್ಸೈಡ್ ನೆಲದ ತುಂಡು, ನಾನು ಹುಡುಗನಾಗಿದ್ದಾಗ ಆಡಿದ ನೆಲ. 26 ಅಡಿಯ ಮೇಲೆ ಕಪ್ಪು ಗ್ರೀಸಿನಂಥ ಮಣ್ಣು. ಮಾಸ್ಕ್ ಹಾಕಿದ್ದರೂ ಆ ಸಿಹಿ ವಾಸನೆ ಬಂದ ಹಾಗಾಯಿತು. ಅಪ್ಪನ ಅಂಗಿಯಲ್ಲಿ ಇರುತ್ತಿದ್ದ ವಾಸನೆ. ಪಿಐಡಿ 1,000 ದಾಟಿತು. ವಾಸನೆ ಬಂದಿತು ಅಂದರೆ ಮಾಸ್ಕಿನ ಫಿಲ್ಟರ್ ತೀರಿರಬಹುದು ಅಂತ ಅರ್ಥ, ಕೆಲಸ ನಿಲ್ಲಿಸಿ ಎಲ್ಲರ ಫಿಲ್ಟರ್ ಬದಲಿಸಿದೆವು.

ಬಂದ ಮಣ್ಣು 11 ಡ್ರಮ್. ಇದು ಅಪಾಯಕಾರಿ ತ್ಯಾಜ್ಯ, 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ. ತ್ಯಾಜ್ಯ ಸಾಗಿಸಲು ಬೇಕಾದ ಫಾರಂ 10 ತುಂಬಿ ದಾಬಸ್‌ಪೇಟೆಯ ಅಧಿಕೃತ ಘಟಕಕ್ಕೆ ಕಳಿಸಿದೆವು. ಸಾಗಣೆ ಸೇರಿ 64,000. ಅದೇ ತಿಂಗಳು ಕೇಂದ್ರ ಸರ್ಕಾರ ಕಲುಷಿತ ಜಾಗಗಳಿಗೆಂದೇ ಹೊಸ ನಿಯಮ ತಂದಿತು. ಕನ್ಸಲ್ಟೆಂಟ್ ಫೈಲು ಇನ್ನೊಂದು ಇಂಚು ದಪ್ಪವಾಯಿತು.

ಬಾವಿಯ ಪೈಪಿಗೆ ರಿಂಗ್ ಬ್ಲೋವರ್ ಹಾಕಿ ಐದು ವಾರ ಎಳೆದೆವು. 1,000ಕ್ಕೂ ಮೇಲಿದ್ದದ್ದು 90ಕ್ಕೆ ಇಳಿದು ಅಲ್ಲೇ ನಿಂತಿತು.

5. ಆಗಸ್ಟ್‌–ಅಕ್ಟೋಬರ್: ನೇರಳೆ ನೀರು

ಉಳಿದದ್ದಕ್ಕೆ ಔಷಧಿ. ಬೆಲ್ಲದ ನೀರು ಬಿಟ್ಟರೆ ಮಣ್ಣಿನ ಸೂಕ್ಷ್ಮಜೀವಿಗಳೇ ಟಿಸಿಇ ತಿಂದು ಮುಗಿಸುತ್ತವೆ ಅಂತ ಒಬ್ಬರು ಹೇಳಿದರು. ಮಾತು ಸುಳ್ಳಲ್ಲ, ಆ ವಿಧಾನ ಇದೆ. ಆದರೆ ನಡುದಾರಿಯಲ್ಲಿ ಅದು ವಿನೈಲ್ ಕ್ಲೋರೈಡ್ ಆಗುತ್ತದೆ, ಟಿಸಿಇಗಿಂತ ಕೆಟ್ಟದ್ದು. ಜೊತೆಗೆ ಮೀಥೇನ್. ಮೇಲೆ ಜನ ಕೂತಿರುವ ಕಟ್ಟಡದಡಿ ಆ ಆಟ ಬೇಡ ಅಂದುಕೊಂಡು ಟಿಸಿಇಯನ್ನು ಒಡೆಯುವ, ನೀರನ್ನು ನೇರಳೆ ಮಾಡುವ ಪೊಟ್ಯಾಸಿಯಂ ಪರ್ಮಾಂಗನೇಟ್ ಆರಿಸಿದೆವು.

ಅಪ್ಪಟ ಟಿಸಿಇ ಒಂದು ಕೆಜಿಗೆ ಸುಮಾರು 2.4 ಕೆಜಿ ಬೇಕು. ಮಣ್ಣು ತಾನೂ ಸ್ವಲ್ಪ ತಿನ್ನುತ್ತದೆ. ಜಾಡಿಗಳಲ್ಲಿ ಮಣ್ಣು, ನೇರಳೆ ನೀರು ಹಾಕಿಟ್ಟು ಬಣ್ಣ ಎಷ್ಟು ದಿನ ಉಳಿಯುತ್ತೆ ಅಂತ ನೋಡಿದೆವು. ನಂತರ 500 ಲೀಟರ್ ಡ್ರಮ್ಮಿಗೆ 15 ಕೆಜಿ, ಅಂದರೆ 3 ಪರ್ಸೆಂಟ್.

ನನ್ನ ದೊಡ್ಡ ಎಡವಟ್ಟು ಇಲ್ಲಿದೆ. ಪಂಪು ಯಾಕೆ ಅಂತ ಡ್ರಮ್ಮನ್ನು ಮೊದಲ ಮಹಡಿಯ ಮೆಟ್ಟಿಲ ಮೇಲಿಟ್ಟು ಪೈಪಿನಲ್ಲಿ ಬಿಟ್ಟೆ. ಎರಡು ಗಂಟೆಯಲ್ಲಿ 500 ಲೀಟರ್ ಖಾಲಿ. ಎಷ್ಟು ಬೇಗ ಮುಗೀತು ಅಂತ ಮನೆಗೆ ಹೋದೆ. ರಾತ್ರಿ ಹನ್ನೊಂದಕ್ಕೆ ಸೆಕ್ಯುರಿಟಿ ಫೋನು: "ಸಾರ್, ಲಿಫ್ಟ್ ಗುಂಡಿಯೊಳಗೆ ನೇರಳೆ ಬಣ್ಣದ ನೀರು ಬತ್ತಾ ಐತೆ."

ಬಾವಿಗೆ ಇಳಿಸಿದ ಪೈಪಿನ ಸೀಳುಗಳು 6 ಅಡಿಯಿಂದಲೇ ಶುರು. ಅಷ್ಟು ಎತ್ತರದಿಂದ ಬಿಟ್ಟ ನೀರು ಕೆಳಗೆ ಹೋಗುವ ಬದಲು ಮೇಲಿನ ಕಲ್ಲುಮಣ್ಣಿನಲ್ಲಿ ಉಬ್ಬಿ, ಹಳೇ ಚರಂಡಿ ಸಾಲು ಹಿಡಿದು ಲಿಫ್ಟ್ ಗುಂಡಿಗೆ ಬಂದಿತ್ತು. ಲಿಫ್ಟಿನ ಮೇನ್ ಇಳಿಸಿ, ಸುಮಾರು 60 ಲೀಟರ್ ನೀರಿಗೆ ನೇರಳೆ ಕಳೆಯುವ ಹೈಪೋ ರಾಸಾಯನಿಕ ಕಲಸಿ ಸುರಿದೆವು. ಬಣ್ಣ ಹೋಯಿತು, ಕಂದು ಗಸಿ ಉಳಿಯಿತು, ಅದನ್ನು ಬಳಿದು ಡ್ರಮ್ಮಿಗೆ. ಬೆಳಗಿನ ಮೂರು ಗಂಟೆ. ಗ್ಲೌಸ್ ಹರಿದಿದ್ದು ಗೊತ್ತಾಗಲಿಲ್ಲ, ಬೆರಳೆಲ್ಲಾ ಕಂದು. ನಿಂಬೆಹಣ್ಣು ಉಜ್ಜಿದರೆ ಹೋಗುತ್ತದೆ ಅಂತ ಆಮೇಲೆ ಹೇಳಿದರು, ನಿಜವೇ.

ಆಮೇಲಿಂದ ಒಂದೂವರೆ ಇಂಚಿನ ಪೈಪು 24 ಅಡಿ ತನಕ ಇಳಿಸಿ, 500 ಲೀಟರಿಗೆ ಎರಡು ದಿನ. ಒಟ್ಟು ಆರು ಸಲ, 90 ಕೆಜಿ, 18,900 ರೂಪಾಯಿ.

ನೀರು ನೋಡಲು 45 ಅಡಿಯ ಮೂರು ಸಣ್ಣ ಬೋರು ಕೊರೆಸಿದ್ದೆವು. ಬಾವಿ ಪಕ್ಕದ್ದರಲ್ಲಿ ಶುರುವಿಗೆ 2,900 ಮೈಕ್ರೋಗ್ರಾಂ. ಸೆಪ್ಟೆಂಬರಿನಲ್ಲಿ 120. ಮನೆಯಲ್ಲಿ ಸ್ವೀಟ್ ಹಂಚಿದೆ. ಅಕ್ಟೋಬರ್ ಕೊನೆಗೆ 870. ಮಣ್ಣಿನ ಒಳಗೆ ಅವಿತದ್ದು ನಿಧಾನಕ್ಕೆ ಪುನಃ ನೀರಿಗೆ ಬಿಡುತ್ತದಂತೆ, ಹೀಗಾಗುವುದು ಮಾಮೂಲಂತೆ. ಸ್ವೀಟಿಗೆ ಮುಂಚೆ ಹೇಳಬಹುದಿತ್ತು. ಜನವರಿಯಲ್ಲಿ ಇನ್ನೊಂದು ಸುತ್ತು.

6. ನವೆಂಬರ್ 2025: ಈಗ ಎಲ್ಲಿದ್ದೇವೆ

ಟೈಲರಿಂಗ್ ಹಾಲಿನ ಗಾಳಿ 2.1 ಮೈಕ್ರೋಗ್ರಾಂ. ಕೊರಿಯರ್ 1ಕ್ಕಿಂತ ಕಮ್ಮಿ. ಗೇಜಿನ ಹಲಗೆಯನ್ನು ಅಕ್ಕ ತಮ್ಮ ಕತ್ತರಿ ಟೇಬಲ್ ಪಕ್ಕ ಹಾಕಿಸಿಕೊಂಡಿದ್ದಾರೆ. ದಿನಾ ಬೆಳಿಗ್ಗೆ ಕ್ಯಾಲೆಂಡರಿನಲ್ಲಿ ಅಂಕಿ ಬರೆಯುತ್ತಾರೆ. ಹೋದ ವಾರ ಕರೆಂಟ್ ಹೋಗಿ ಫ್ಯಾನ್ ನಿಂತಾಗ ನನಗಿಂತ ಮೊದಲು ಅವರಿಗೇ ಗೊತ್ತಾಯಿತು. ಫ್ಯಾನಿಗೆ ಈಗ ಯುಪಿಎಸ್ ಹಾಕಿಸಿದ್ದೇನೆ. ಆ ಹುಡುಗಿಗೆ ಸೆಪ್ಟೆಂಬರಿನಲ್ಲಿ ಹೆಣ್ಣುಮಗು ಆಯಿತು, ಇಬ್ಬರೂ ಚೆನ್ನಾಗಿದ್ದಾರೆ.

ಖರ್ಚು ಇವತ್ತಿಗೆ ಹನ್ನೊಂದು ಲಕ್ಷ ದಾಟಿದೆ. ಅದರಲ್ಲಿ ಲ್ಯಾಬ್ ಟೆಸ್ಟ್ ಒಂದಕ್ಕೇ 2,21,000.

ನಿಂತಿರುವುದು ಬೋರ್‌ವೆಲ್ ಹತ್ತಿರ. ತಳದಿಂದ ಸಿಮೆಂಟ್, ಬೆಂಟೋನೈಟ್ (ನೀರಿನಲ್ಲಿ ಉಬ್ಬುವ ಜೇಡಿ) ತುಂಬಿ ಮುಚ್ಚಬೇಕು, ಇಲ್ಲದಿದ್ದರೆ ಮೇಲಿನ ಕೊಳೆಗೆ ಅದೇ ದಾರಿ. ಮೋಟಾರ್ ಎತ್ತುವವರು ಬಂದು ಎಳೆದರು, 310 ಅಡಿಯಲ್ಲಿ ಪೈಪು ಕಿತ್ತು ಬಂತು, ಮೋಟಾರ್ ಒಳಗೇ ಉಳಿಯಿತು. ಎರಡು ಸಲ ಕೊಕ್ಕೆ ಇಳಿಸಿ ನೋಡಿಯಾಯಿತು, ಹಿಡಿತಕ್ಕೆ ಸಿಗುತ್ತಿಲ್ಲ. ಮೋಟಾರ್ ಪಕ್ಕದಿಂದ ಒಂದು ಇಂಚಿನ ಪೈಪು ತೂರಿಸಿ ಅದರ ಕೆಳಗೂ ಸಿಮೆಂಟ್ ತುಂಬಬಹುದಾ, ಯಾರಾದರೂ ಮಾಡಿದ್ದರೆ ಹೇಳಿ. ರಿಗ್ಗಿನವರು ಬರುವ ಗುರುವಾರ ಬರುತ್ತಾರೆ.